ಮಾನ್ಯತೆ ಬೇರೆ, ಅನುದಾನ ಬೇರೆ

ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನದ ಅರ್ಜಿಯಲ್ಲಿ “ಶಾಲೆ ಅಥವಾ ಕಾಲೇಜಿನ ವಿಧ” ಎಂಬ ಒಂದು ಕಾಲಂ ಇದೆ. ಅದರ ಮುಂದೆ ಮೂರು ಚೌಕಗಳಿವೆ: ಸರ್ಕಾರಿ, ಅನುದಾನಿತ, ಅನುದಾನರಹಿತ. ಹೆಸರು, ವಿಳಾಸ, ಬ್ಯಾಂಕ್ ಖಾತೆ, ಆಧಾರ್ ಸಂಖ್ಯೆ ಎಲ್ಲವನ್ನೂ ಸರಿಯಾಗಿ ತುಂಬಿದ ಪಾಲಕರು ಇಲ್ಲಿಗೆ ಬಂದಾಗ ಪೆನ್ನು ಹಿಡಿದು ಕೂಡುತ್ತಾರೆ. ಕೆಲವರು ಖಾಲಿ ಬಿಡುತ್ತಾರೆ. ಕೆಲವರು “ಸರ್ಕಾರದ ಮಾನ್ಯತೆ ಇದೆ” ಎಂದು ಪಕ್ಕದಲ್ಲಿ ಬರೆದು ಸರ್ಕಾರಿ ಚೌಕಕ್ಕೆ ಗುರುತು ಹಾಕುತ್ತಾರೆ. ಅತ್ತ ದಾನಿಗಳ ಕಡೆಯಿಂದ ಬರುವ ಪ್ರಶ್ನೆ ಬೇರೆ: “ಆ ಶಾಲೆಗೆ ಸರ್ಕಾರದ ಗ್ರ್ಯಾಂಟ್ ಬರುತ್ತದಲ್ಲ, ಮತ್ತೆ ನಮ್ಮ ದುಡ್ಡು ಯಾತಕ್ಕೆ?”

ಎರಡೂ ಗೊಂದಲ ಒಂದೇ ಬೇರಿನವು. ಸರ್ಕಾರ ಹಣ ಕೊಟ್ಟು ಖಾಸಗಿಯವರು ನಡೆಸುವ ಸಂಸ್ಥೆ ಎಂದರೆ ಏನು, ಸರ್ಕಾರ ಅದರಲ್ಲಿ ಯಾವುದಕ್ಕೆ ಹಣ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂಬುದನ್ನು ಯಾರೂ ನಮಗೆ ಕೂಡ್ರಿಸಿ ಹೇಳಿದ್ದಿಲ್ಲ. ನನ್ನ ಸೇವೆಯ ಬಹುಪಾಲು ಇಂಥ ಶಾಲೆಯಲ್ಲೇ ಕಳೆದಿದ್ದರಿಂದ ಈ ವರ್ಷದ ವರದಿಯಲ್ಲಿ ಅದನ್ನು ಬರೆಯಲು ಟ್ರಸ್ಟಿನವರು ನನಗೆ ಹೇಳಿದ್ದಾರೆ.

ಮೊದಲು ಮಾನ್ಯತೆಯ ಮಾತು. ಯಾವುದೇ ಖಾಸಗಿ ಶಾಲೆ ನಡೆಯಬೇಕಾದರೆ ಶಿಕ್ಷಣ ಇಲಾಖೆಯ ಅನುಮತಿ ಮತ್ತು ಮಾನ್ಯತೆ ಬೇಕೇ ಬೇಕು. ಅದು ಅಂಗಡಿಗೆ ಲೈಸೆನ್ಸ್ ಇದ್ದ ಹಾಗೆ. ಲೈಸೆನ್ಸ್ ಕೊಟ್ಟ ಮಾತ್ರಕ್ಕೆ ಸರ್ಕಾರ ಅಂಗಡಿಯ ಬಾಡಿಗೆ ಕಟ್ಟುವುದಿಲ್ಲ. ಹಾಗಾಗಿ “ಕರ್ನಾಟಕ ಸರ್ಕಾರದಿಂದ ಮಾನ್ಯತೆ ಪಡೆದಿದೆ” ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದರೆ ಅದರ ಅರ್ಥ ಇಷ್ಟೇ: ಅಲ್ಲಿ ಓದಿದ ಮಗುವಿನ ದಾಖಲೆ, ವರ್ಗಾವಣೆ ಪತ್ರ, ಪರೀಕ್ಷೆ ಎಲ್ಲ ಕ್ರಮಬದ್ಧ. ಶುಲ್ಕ ಕಡಿಮೆ ಎಂದಾಗಲಿ, ಸರ್ಕಾರಿ ಸೌಲಭ್ಯ ಸಿಗುತ್ತದೆ ಎಂದಾಗಲಿ ಅಲ್ಲ. ಅನುದಾನ ಬೇರೆ ಮಾತು. ಶಾಲೆಯನ್ನು ಕಟ್ಟಿದ್ದು, ಆಡಳಿತ ನಡೆಸುವುದು ಒಂದು ಸಂಘ, ಮಠ, ಮಿಷನ್ ಅಥವಾ ಅಂಜುಮನ್. ಆದರೆ ಅಲ್ಲಿ ಪಾಠ ಮಾಡುವವರ ಸಂಬಳ ಸರ್ಕಾರದ ಖಜಾನೆಯಿಂದ ಬರುತ್ತದೆ. ನಮ್ಮ ಕಡೆ ಜನ “ಗ್ರ್ಯಾಂಟ್ ಸಾಲಿ” ಎನ್ನುವುದು ಇದಕ್ಕೇ.

ಈ ಪದ್ಧತಿ ನಿನ್ನೆ ಮೊನ್ನೆಯದಲ್ಲ. 1854ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಲಂಡನ್ನಿನಿಂದ ಕಳಿಸಿದ ಶಿಕ್ಷಣದ ಆದೇಶಪತ್ರ, ಬಿ.ಎಡ್. ಓದಿದವರೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ “ವುಡ್‌ನ ವರದಿ”, ಸಹಾಯಧನದ ಪದ್ಧತಿಯನ್ನು ಇಲ್ಲಿ ತಂದಿತು. ಎಲ್ಲ ಊರಿಗೂ ಸರ್ಕಾರವೇ ಶಾಲೆ ಕಟ್ಟಲಾರದು, ಜನರೇ ಕಟ್ಟಿದ ಶಾಲೆಗೆ ನಾವು ಹಣದ ನೆರವು ಕೊಡೋಣ ಎಂಬುದು ಲೆಕ್ಕಾಚಾರ. ಅದಕ್ಕೆ ಷರತ್ತುಗಳಿದ್ದವು. ಊರಿನಲ್ಲಿ ಜವಾಬ್ದಾರಿಯುಳ್ಳ ಆಡಳಿತ ಮಂಡಳಿ ಇರಬೇಕು. ಸರ್ಕಾರದ ತಪಾಸಣೆಗೆ ಒಪ್ಪಬೇಕು. ಮಕ್ಕಳಿಂದ ಎಷ್ಟೇ ಚಿಕ್ಕದಾದರೂ ಸ್ವಲ್ಪ ಶುಲ್ಕ ತೆಗೆದುಕೊಳ್ಳಬೇಕು. ಶಾಲೆಯಲ್ಲಿ ಯಾವ ಧರ್ಮದ ಪಾಠ ನಡೆಯುತ್ತದೆ ಎಂಬುದನ್ನು ಸರ್ಕಾರ ನೋಡುವುದಿಲ್ಲ, ಲೌಕಿಕ ವಿದ್ಯೆ ಚೆನ್ನಾಗಿದೆಯೋ ಇಲ್ಲವೋ ಅಷ್ಟನ್ನೇ ನೋಡುತ್ತದೆ. ಈ ಕೊನೆಯ ಷರತ್ತಿನಿಂದಲೇ ಮಿಷನ್ನಿನವರು, ಮಠದವರು, ಅಂಜುಮನ್‌ನವರು ಎಲ್ಲರೂ ಒಂದೇ ನಿಯಮದ ಕೆಳಗೆ ಬರಲು ಸಾಧ್ಯವಾಯಿತು.

ಹಾನಗಲ್, ಹಿರೇಕೆರೂರು, ಶಿಗ್ಗಾಂವಿ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ಭಾಗ. ಮುಂಬಯಿ ಪ್ರಾಂತದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಗ್ರ್ಯಾಂಟ್ ಕೊಡುವ ರೀತಿ ವಿಚಿತ್ರವಾಗಿತ್ತು. ಇನ್‌ಸ್ಪೆಕ್ಟರ್ ಬಂದು ಮಕ್ಕಳನ್ನು ಪರೀಕ್ಷಿಸುತ್ತಿದ್ದರು. ಎಷ್ಟು ಮಕ್ಕಳು ಪಾಸೋ ಅಷ್ಟರ ಲೆಕ್ಕದಲ್ಲಿ ಶಾಲೆಗೆ ಹಣ. ಇನ್‌ಸ್ಪೆಕ್ಟರ್ ಬರುವ ದಿನ ಮಾಸ್ತರರ ಮುಖ ಹೇಗಿರುತ್ತಿತ್ತೆಂದು ಯಾರೂ ಊಹಿಸಬಹುದು. ಸವಣೂರಿನ ಕಥೆ ಬೇರೆ. ಅದು 1948ರವರೆಗೆ ನವಾಬರ ಸಂಸ್ಥಾನ, ಅಲ್ಲಿ ಶಾಲೆ ದರಬಾರಿನ ಜವಾಬ್ದಾರಿ. 1909ರಲ್ಲಿ ಸವಣೂರಿನಲ್ಲೇ ಹುಟ್ಟಿದ ವಿ.ಕೃ. ಗೋಕಾಕರು ಓದಿದ್ದು ಅಲ್ಲಿನ ಮಜೀದ್ ಹೈಸ್ಕೂಲಿನಲ್ಲಿ. ನವಾಬರ ಕಾಲದ ಶಾಲೆಯಿಂದ ಕನ್ನಡಕ್ಕೆ ಜ್ಞಾನಪೀಠ ತಂದ ಕವಿ ಹೊರಬಂದದ್ದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಸಂಸ್ಥಾನವಿಲ್ಲದ ಕಡೆ ಜನರೇ ಕಟ್ಟಿದರು. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ಶಿಕ್ಷಣಪ್ರೇಮಿಗಳು ಕೆ.ಎಲ್.ಇ. ಸಂಸ್ಥೆಯನ್ನು ಶುರು ಮಾಡಿದರು. ಭಟ್ಕಳದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ 1919ರದು. ಡಾ. ಮುಮ್ತಾಜ್ ಅಹ್ಮದ್ ಖಾನ್ ಬೆಂಗಳೂರಿನಲ್ಲಿ ಅಲ್-ಅಮೀನ್ ಕಟ್ಟಿದ್ದು 1966ರಲ್ಲಿ. ದೊಡ್ಡ ಹೆಸರುಗಳು ಇವು. ಇವುಗಳ ಹಿಂದೆ, ಹೆಸರಿಲ್ಲದೆ, ಮನೆಮನೆಯಿಂದ ಮುಷ್ಟಿ ಜೋಳ ಎತ್ತಿ, ಬಕ್ರೀದಿನ ಚರ್ಮ ಮಾರಿದ ಹಣ ಕೂಡಿಸಿ, ಒಬ್ಬರು ಜಾಗ ಕೊಟ್ಟು ಇನ್ನೊಬ್ಬರು ಹಂಚು ಕೊಟ್ಟು ಕಟ್ಟಿದ ಶಾಲೆಗಳು ಈ ಸೀಮೆಯಲ್ಲಿ ಎಷ್ಟೋ ಇವೆ. ಗ್ರ್ಯಾಂಟ್ ಬಂದದ್ದು ಆಮೇಲೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಅನುದಾನ ಶಾಲೆಯ ಹೆಸರಿಗೆ ಬರುವುದಿಲ್ಲ, ಕಟ್ಟಡಕ್ಕೆ ಬರುವುದಿಲ್ಲ. ಅದು ಹುದ್ದೆಗೆ ಬರುತ್ತದೆ. ಇಂಥ ಶಾಲೆಯಲ್ಲಿ ಇಷ್ಟು ತರಗತಿ, ಇಷ್ಟು ಮಕ್ಕಳು, ಆದ್ದರಿಂದ ಇಷ್ಟು ಶಿಕ್ಷಕರ ಹುದ್ದೆ ಎಂದು ಇಲಾಖೆ ಮಂಜೂರು ಮಾಡುತ್ತದೆ. ಆ ಹುದ್ದೆಗೆ ಆಡಳಿತ ಮಂಡಳಿ, ಮೀಸಲಾತಿಯ ರೋಸ್ಟರ್ ನೋಡಿಕೊಂಡು, ವಿದ್ಯಾರ್ಹತೆ ಇರುವವರನ್ನು ನೇಮಿಸುತ್ತದೆ. ಇಲಾಖೆ ಅದನ್ನು ಅನುಮೋದಿಸಿದ ಮೇಲೆ ಸಂಬಳ ಖಜಾನೆಯಿಂದ ನೇರವಾಗಿ ಶಿಕ್ಷಕರ ಬ್ಯಾಂಕ್ ಖಾತೆಗೆ ಬರುತ್ತದೆ. ಮಂಡಳಿಯ ಅಧ್ಯಕ್ಷರ ಕೈಗೆ ಬರುವುದಿಲ್ಲ. ನೇಮಿಸುವವರು ಒಬ್ಬರು, ಸಂಬಳ ಕೊಡುವವರು ಇನ್ನೊಬ್ಬರು. ಈ ಎರಡು ಮನೆಯ ಬಾಳು ಸುಲಭದ್ದಲ್ಲ. ಬಿಲ್ಲು ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಎರಡು ತಿಂಗಳು ಕಳೆದು, ಕಿರಾಣಿ ಅಂಗಡಿಯವರ ಉದ್ರಿ ಪುಸ್ತಕ ತುಂಬಿದ ಕಾಲವನ್ನು ನನ್ನ ವಯಸ್ಸಿನವರೆಲ್ಲ ನೋಡಿದ್ದೇವೆ. ಆದರೂ ಇದರಲ್ಲಿ ಶಿಕ್ಷಕರಿಗೆ ರಕ್ಷಣೆಯಿದೆ. ಖಾಸಗಿ ಆಡಳಿತ ಮನಸ್ಸಿಗೆ ಬಂದಂತೆ ಕೆಲಸದಿಂದ ತೆಗೆಯುವಂತಿಲ್ಲ. ತೆಗೆದರೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ (ಜಾರಿಗೆ ಬಂದದ್ದು 1995ರಲ್ಲಿ) ಇದಕ್ಕೆ ವ್ಯವಸ್ಥೆ ಇದೆ.

ಹಾಗಾದರೆ ಛತ್ತು ಸೋರಿದರೆ? ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕಾದರೆ? ವಿಜ್ಞಾನ ಪ್ರಯೋಗಾಲಯದ ಗಾಜಿನ ಸಾಮಾನು, ಗ್ರಂಥಾಲಯದ ಪುಸ್ತಕ, ಕುಡಿಯುವ ನೀರಿನ ಟಾಕಿ, ಕರೆಂಟ್ ಬಿಲ್ಲು? ಇವೆಲ್ಲ ಬಹುತೇಕ ಆಡಳಿತ ಮಂಡಳಿಯ ತಲೆ ಮೇಲೆ. ಶಾಸಕರ, ಸಂಸದರ ನಿಧಿಯಿಂದ ಒಂದೊಂದು ಕೋಣೆ ಸಿಗುವುದುಂಟು. ಅದು ಸಿಕ್ಕರೆ ಸಿಕ್ಕಿತು. ಅನುದಾನಿತ ಶಾಲೆ ಸರ್ಕಾರ ಗೊತ್ತು ಮಾಡಿದ್ದಕ್ಕಿಂತ ಹೆಚ್ಚು ಶುಲ್ಕವನ್ನು ಮಕ್ಕಳಿಂದ ಪಡೆಯುವಂತೆಯೂ ಇಲ್ಲ. ಅಂದರೆ ಖರ್ಚು ಇದೆ, ಆದಾಯದ ದಾರಿ ಇಲ್ಲ. ದಾನಿಗಳು ಕೇಳುವ “ಗ್ರ್ಯಾಂಟ್ ಬರುತ್ತದಲ್ಲ” ಎಂಬ ಪ್ರಶ್ನೆಗೆ ಇದು ಉತ್ತರ. ಬರುತ್ತದೆ, ಪಾಠ ಹೇಳುವವರಿಗೆ. ಪಾಠ ಕೇಳುವ ಕೋಣೆಗೆ ಬರುವುದಿಲ್ಲ.

ಇದಕ್ಕಿಂತ ದೊಡ್ಡ ಸಮಸ್ಯೆ ಹುದ್ದೆಯದು. ಒಬ್ಬ ಶಿಕ್ಷಕರು ನಿವೃತ್ತರಾದರೆ ಆ ಜಾಗ ತಾನಾಗಿ ತುಂಬುವುದಿಲ್ಲ. ತುಂಬಲು ಸರ್ಕಾರದ ಅನುಮತಿ ಬೇಕು, ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು. ಅದು ವರ್ಷಗಟ್ಟಲೆ ಬರುವುದಿಲ್ಲ. ಅಷ್ಟರಲ್ಲಿ ಗಣಿತಕ್ಕೋ ಇಂಗ್ಲಿಷಿಗೋ ಆಡಳಿತ ಮಂಡಳಿಯೇ ಕೈಯಿಂದ ಸ್ವಲ್ಪ ಗೌರವಧನ ಕೊಟ್ಟು ಯಾರಾದರೂ ಬಿ.ಎಡ್. ಆದ ಹುಡುಗಿಯನ್ನು ನಿಲ್ಲಿಸುತ್ತದೆ. ಮಕ್ಕಳ ಸಂಖ್ಯೆ ಇಳಿದರೆ ಇನ್ನೊಂದು ಪೆಟ್ಟು. ಉಳಿದ ಶಿಕ್ಷಕರೂ “ಹೆಚ್ಚುವರಿ” ಎಂದು ಲೆಕ್ಕವಾಗಿ ಬೇರೆ ಶಾಲೆಗೆ ಹೋಗಬೇಕಾಗುತ್ತದೆ. 2006ರ ಏಪ್ರಿಲ್ 1ರ ನಂತರ ಸೇವೆಗೆ ಸೇರಿದ ಅನುದಾನಿತ ಶಿಕ್ಷಕರಿಗೆ ಹಳೆಯ ಪಿಂಚಣಿಯೂ ಇಲ್ಲ, ಅದಕ್ಕಾಗಿ ಅವರು ಹೋರಾಡುತ್ತಲೇ ಇದ್ದಾರೆ.

ಇನ್ನು ಹೊಸ ಶಾಲೆ ಕಟ್ಟಿ ಅನುದಾನ ಪಡೆಯೋಣ ಎಂದರೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿದೆ. 1995ರ ನಂತರ ಶುರುವಾದ ಕನ್ನಡ ಮಾಧ್ಯಮ ಶಾಲೆಗಳನ್ನು ಅನುದಾನಕ್ಕೆ ತೆಗೆದುಕೊಳ್ಳಿ ಎಂಬ ಬೇಡಿಕೆ ವಿಧಾನ ಪರಿಷತ್ತಿನಲ್ಲಿ ಎಷ್ಟು ಸಲ ಎದ್ದಿದೆಯೋ ಲೆಕ್ಕವಿಲ್ಲ. ನ್ಯಾಯಾಲಯದ ದಾರಿಯೂ ಕಷ್ಟ. ಅನುದಾನ ಪಡೆಯುವುದು ಮೂಲಭೂತ ಹಕ್ಕಲ್ಲ, ಅದು ಸರ್ಕಾರದ ನೀತಿಗೆ ಬಿಟ್ಟ ವಿಷಯ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ ಹೇಳಿತು. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಅನುದಾನ ಕೊಡುವಾಗ, ಆಡಳಿತ ಅಲ್ಪಸಂಖ್ಯಾತರದು ಎಂಬ ಕಾರಣಕ್ಕೆ ತಾರತಮ್ಯ ಮಾಡಬಾರದು ಎಂದೂ ಅದೇ ವಿಧಿ ಹೇಳುತ್ತದೆ. ಆದರೆ ಯಾರಿಗೂ ಕೊಡದಿದ್ದರೆ ತಾರತಮ್ಯದ ಪ್ರಶ್ನೆ ಎಲ್ಲಿಂದ ಬಂತು? ಆದ್ದರಿಂದ ಈಗ ಇರುವ ಅನುದಾನಿತ ಶಾಲೆ ಮುಚ್ಚಿದರೆ ಅಂಥದ್ದು ಇನ್ನೊಂದು ಹುಟ್ಟುವುದು ಕಷ್ಟ. ನಮ್ಮ ಅಜ್ಜಂದಿರು ಗಳಿಸಿಟ್ಟ ಹೊಲದ ಹಾಗೆ ಅದು. ಮಾರಿದರೆ ಮತ್ತೆ ಕೊಳ್ಳುವುದಾಗುವುದಿಲ್ಲ.

ಹೊರಗಿನ ಒಂದು ಉದಾಹರಣೆ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಚರ್ಚುಗಳು ನಡೆಸುವ, ಸರ್ಕಾರ ಖರ್ಚು ಕೊಡುವ ಶಾಲೆಗಳು ಸಾವಿರಾರು ಇವೆ. 1944ರ ಶಿಕ್ಷಣ ಕಾಯ್ದೆಯಿಂದ ಬಂದ ವ್ಯವಸ್ಥೆ ಅದು. ಲಂಡನ್ನಿನ ಇಸ್ಲಾಮಿಯಾ ಪ್ರಾಥಮಿಕ ಶಾಲೆ 1983ರಲ್ಲಿ ಶುರುವಾಗಿ, ಅರ್ಜಿ ಹಾಕಿ, ತಿರಸ್ಕಾರವಾಗಿ, ಮತ್ತೆ ಅರ್ಜಿ ಹಾಕಿ, ಕೊನೆಗೆ ಸರ್ಕಾರದ ನೆರವು ಪಡೆದದ್ದು 1998ರಲ್ಲಿ. ಹದಿನೈದು ವರ್ಷ. ಅಲ್ಲಿಯೂ ಇಂಥ ಶಾಲೆಯ ಕಟ್ಟಡದ ಖರ್ಚಿನಲ್ಲಿ ಹತ್ತನೇ ಒಂದು ಪಾಲನ್ನು ಸಾಮಾನ್ಯವಾಗಿ ಆಡಳಿತ ಮಂಡಳಿಯೇ ಹೊರಬೇಕು. ಹತ್ತರಲ್ಲಿ ಒಂದು! ನಮ್ಮಲ್ಲಿ ಕಟ್ಟಡವೆಲ್ಲ ನಮ್ಮದೇ.

ಇನ್ನು ಪಾಲಕರ ಕಡೆಗೆ. ಅನುದಾನಿತ ಶಾಲೆಯಲ್ಲಿ ಓದುವ ಮಗುವಿಗೆ ಏನೇನು ಸಿಗುತ್ತದೆ? ಒಂದರಿಂದ ಹತ್ತನೇ ತರಗತಿಯವರೆಗೆ ಅಕ್ಷರ ದಾಸೋಹದ ಬಿಸಿಯೂಟ ಸರ್ಕಾರಿ ಶಾಲೆಯಲ್ಲಿ ಹೇಗೋ ಇಲ್ಲಿಯೂ ಹಾಗೆಯೇ. 2013ರಲ್ಲಿ ಶುರುವಾದ ಕ್ಷೀರ ಭಾಗ್ಯದ ಹಾಲೂ ಉಂಟು, ಮೊಟ್ಟೆಯೂ ಉಂಟು. ಪಠ್ಯಪುಸ್ತಕ ಉಚಿತ. ಸಮವಸ್ತ್ರ, ಬೂಟು ಮಾತ್ರ ಸರ್ಕಾರಿ ಶಾಲೆಯ ಮಕ್ಕಳಿಗಷ್ಟೇ. ಇದನ್ನು ತಿಳಿಯದೆ “ಪಕ್ಕದ ಸಾಲಿ ಮಕ್ಕಳಿಗೆ ಕೊಟ್ಟಾರ, ನಮ್ಮ ಹೆಡ್‌ಮಾಸ್ತರ ತಿಂದಾನ” ಎಂದು ಜಗಳಕ್ಕೆ ಬಂದವರಿದ್ದಾರೆ. ಹೆಡ್‌ಮಾಸ್ತರರು ತಿಂದಿಲ್ಲ, ಬಂದೇ ಇಲ್ಲ. ನಮ್ಮ ಟ್ರಸ್ಟಿಗೆ ಸಮವಸ್ತ್ರದ ನೆರವು ಕೇಳಿ ಬರುವ ಅರ್ಜಿಗಳಲ್ಲಿ ಅನುದಾನಿತ ಶಾಲೆಯ ಮಕ್ಕಳೇ ಕಾಣುವುದಕ್ಕೆ ಇದೇ ಕಾರಣ, ದಾನಿಗಳು ಗಮನಿಸಬೇಕು.

ಪ್ರವೇಶದ ವಿಷಯವೂ ಇದೆ. ಸಂವಿಧಾನದ 29ನೇ ವಿಧಿಯ ಪ್ರಕಾರ ಸರ್ಕಾರದ ಹಣ ಪಡೆಯುವ ಸಂಸ್ಥೆ ಯಾವ ಮಗುವಿಗೂ ಕೇವಲ ಧರ್ಮ, ಜಾತಿ, ಭಾಷೆಯ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಮಠದ ಅನುದಾನಿತ ಶಾಲೆಯಲ್ಲಿ ನಮ್ಮ ಮಗು ಕೂಡಬಹುದು, ಅಂಜುಮನ್‌ನ ಅನುದಾನಿತ ಶಾಲೆಯಲ್ಲಿ ಯಾರ ಮಗುವಾದರೂ ಕೂಡಬಹುದು, ಕೂಡುತ್ತಲೂ ಇದ್ದಾರೆ. ಅನುದಾನಿತ ಶಾಲೆಯಲ್ಲಿ ಧಾರ್ಮಿಕ ಬೋಧನೆ ನಡೆದರೆ ಪಾಲಕರ ಒಪ್ಪಿಗೆ ಇಲ್ಲದೆ ಮಗುವನ್ನು ಅದರಲ್ಲಿ ಕೂಡ್ರಿಸುವಂತಿಲ್ಲ. ಇದು 28ನೇ ವಿಧಿ. ಹಾನಗಲ್ಲಿನ ಬಾಜೂ ಬಾಜೂ ಬೆಂಚಿನಲ್ಲಿ ಕೂತು ಓದಿದವರಿಗೆ ಇದೆಲ್ಲ ಕಾನೂನು ಓದಿ ತಿಳಿಯಬೇಕಾದ ಸಂಗತಿಯಾಗಿರಲಿಲ್ಲ. ಈಗ ತಿಳಿದಿರುವುದು ಒಳ್ಳೆಯದು.

ಆರ್‌ಟಿಇ ಸೀಟಿನ ಬಗ್ಗೆ ಪ್ರತಿ ವರ್ಷ ಕೇಳುತ್ತಾರೆ. 2009ರ ಕಾಯ್ದೆಯಂತೆ ಅನುದಾನರಹಿತ ಖಾಸಗಿ ಶಾಲೆಗಳು ಒಂದನೇ ತರಗತಿಯಲ್ಲಿ ನೂರಕ್ಕೆ 25 ಸೀಟು ಬಡ ಮಕ್ಕಳಿಗೆ ಕೊಡಬೇಕಿತ್ತು. ಕರ್ನಾಟಕದಲ್ಲಿ 2019-20ರಿಂದ ನಿಯಮ ಬದಲಾಯಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ. ಹಾಗಾಗಿ ನಮ್ಮ ತಾಲ್ಲೂಕಿನ ಬಹಳಷ್ಟು ಓಣಿಗಳಿಗೆ ಆ ದಾರಿ ಮುಚ್ಚಿದಂತೆಯೇ. ಕೇಂದ್ರ ಸರ್ಕಾರದ ಅಲ್ಪಸಂಖ್ಯಾತರ ಮೆಟ್ರಿಕ್-ಪೂರ್ವ ವಿದ್ಯಾರ್ಥಿವೇತನವನ್ನೂ 2022-23ರಿಂದ ಒಂದರಿಂದ ಎಂಟನೇ ತರಗತಿಯ ಮಕ್ಕಳಿಗೆ ನಿಲ್ಲಿಸಲಾಯಿತು. ಎಂಟನೇ ತರಗತಿಯವರೆಗೆ ಶಿಕ್ಷಣ ಹೇಗೂ ಉಚಿತ ಎಂಬುದು ಅದಕ್ಕೆ ಕೊಟ್ಟ ಕಾರಣ. ನೋಟ್‌ಬುಕ್ಕು, ಬಸ್ ಪಾಸು, ಕಂಪಾಸ್ ಪೆಟ್ಟಿಗೆ ಉಚಿತವಾಗಿಲ್ಲ ಎಂದು ನಾನು ಇಲ್ಲಿ ಬರೆದರೆ ದೆಹಲಿಗೆ ಕೇಳಿಸುವುದಿಲ್ಲ. ಆದರೆ ಬಜೆಟ್ ಮಾಡುವ ನಮ್ಮ ಸಮಿತಿಗೆ ಕೇಳಿಸಲಿ.

ಅತಿ ಹೆಚ್ಚು ಕುಟುಂಬಗಳು ಮೋಸ ಹೋಗುವುದು ಎಸ್ಸೆಸ್ಸೆಲ್ಸಿ ಆದ ಮೇಲೆ. ಒಂದೇ ಗೇಟು, ಒಂದೇ ಬೋರ್ಡು, ಒಬ್ಬರೇ ಪ್ರಾಚಾರ್ಯರು. ಆದರೆ ಒಳಗೆ ಕೆಲವು ವಿಭಾಗ ಅನುದಾನಿತ, ಕೆಲವು ಅಲ್ಲ. ಹಳೆಯ ಪಿಯು ಕಾಲೇಜಿನಲ್ಲಿ ಕಲಾ, ವಾಣಿಜ್ಯ ವಿಭಾಗಕ್ಕೆ ಅನುದಾನವಿದ್ದು, ಆಮೇಲೆ ತೆರೆದ ವಿಜ್ಞಾನ ವಿಭಾಗಕ್ಕೆ ಇಲ್ಲದಿರಬಹುದು. ಪದವಿ ಕಾಲೇಜಿನಲ್ಲಿ ಬಿ.ಎ., ಬಿ.ಕಾಂ. ಅನುದಾನಿತ, ಬಿಸಿಎ, ಬಿಬಿಎ ಕಾಲೇಜಿನವರೇ ನಡೆಸುವುದು. ಹಳೆಯ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳಲ್ಲಂತೂ ಒಂದೇ ಕಟ್ಟಡದ ಎರಡು ಶಾಖೆಗಳಿಗೆ ಸಿಇಟಿಯ ಶುಲ್ಕ ಪಟ್ಟಿಯಲ್ಲಿ ಬೇರೆ ಬೇರೆ ದರ ಇರುತ್ತದೆ. ಪಕ್ಕದ ಮನೆಯ ಹುಡುಗ ಅದೇ ಕಾಲೇಜಿನಲ್ಲಿ ಕಡಿಮೆ ಶುಲ್ಕಕ್ಕೆ ಓದಿದ ಎಂದು ನಂಬಿ ಹೋಗಿ, ಪ್ರವೇಶವಾದ ಮೇಲೆ ರಸೀದಿ ನೋಡಿ ಗಾಬರಿಯಾಗುವುದು ಈ ಕಾರಣಕ್ಕೆ. ಕಂತು ಕಟ್ಟಲಾಗದೆ ಎರಡನೇ ವರ್ಷ ಮಗಳನ್ನು ಬಿಡಿಸಿದ ಮನೆಗಳು ನಮ್ಮ ಅರ್ಜಿಗಳಲ್ಲಿ ಇವೆ. ಅನುದಾನರಹಿತ ಕೋರ್ಸ್ ಓದಬಾರದು ಎಂದು ನಾನು ಹೇಳುತ್ತಿಲ್ಲ. ಮಗುವಿಗೆ ಅದರಲ್ಲೇ ಒಲವು, ಊರಲ್ಲಿ ಅದು ಅಲ್ಲಿ ಮಾತ್ರ ಇದೆ ಎಂದಾದರೆ ಓದಲಿ. ಮೂರು ವರ್ಷದ ಒಟ್ಟು ಖರ್ಚು ಎಷ್ಟೆಂದು ಮೊದಲ ದಿನವೇ ಗೊತ್ತಿರಬೇಕು, ಅಷ್ಟೇ.

ಕೇಳುವುದು ಹೇಗೆ? “ಇದು ಗ್ರ್ಯಾಂಟ್ ಕಾಲೇಜಾ?” ಎಂದು ಕೇಳಬೇಡಿ. ಹೌದು ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. “ನನ್ನ ಮಗಳು ಸೇರುವ ಈ ವಿಭಾಗ, ಈ ಮಾಧ್ಯಮ, ಈ ಸೆಕ್ಷನ್ ಅನುದಾನಿತವೇ?” ಎಂದು ಕೇಳಿ. ಕನ್ನಡ ಮಾಧ್ಯಮಕ್ಕೆ ಅನುದಾನ ಇದ್ದು ಅದೇ ಸಂಸ್ಥೆಯ ಇಂಗ್ಲಿಷ್ ಮಾಧ್ಯಮಕ್ಕೆ ಇಲ್ಲದಿರುವುದು ಪ್ರೌಢಶಾಲೆಯಲ್ಲೂ ಉಂಟು. ಪ್ರತಿ ಶಾಲೆಗೆ 11 ಅಂಕಿಯ ಯು-ಡೈಸ್ ಸಂಖ್ಯೆ ಇರುತ್ತದೆ, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಆ ಸಂಖ್ಯೆಯ ದಾಖಲೆಯಲ್ಲಿ ಆಡಳಿತ ಯಾರದು, ಅನುದಾನಿತವೋ ಅಲ್ಲವೋ ಎಂಬುದು ಬರೆದಿರುತ್ತದೆ. ಮೊಬೈಲಿನಲ್ಲಿ ನೋಡಲು ಮನೆಯ ಮಕ್ಕಳಿಗೇ ಹೇಳಿ, ಅವರಿಗೆ ಬರುತ್ತದೆ. ಅದೂ ಆಗದಿದ್ದರೆ ಶಾಲೆಯ ಬಗ್ಗೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ, ಪಿಯು ಕಾಲೇಜಿನ ಬಗ್ಗೆ ಹಾವೇರಿಯ ಉಪನಿರ್ದೇಶಕರ ಕಚೇರಿಯಲ್ಲಿ ಕೇಳಬಹುದು. ಹಣ ಕಟ್ಟಿದ ಮೇಲೆ ರಸೀದಿ ಪಡೆಯಿರಿ. “ಅಭಿವೃದ್ಧಿ ದೇಣಿಗೆ” ಎಂದು ಕೈಯಲ್ಲಿ ಪಡೆದು ರಸೀದಿ ಕೊಡದಿದ್ದರೆ ಆ ಹಣ ಎಲ್ಲಿ ಹೋಯಿತೆಂದು ನಾಳೆ ನೀವೂ ಹೇಳಲಾರಿರಿ, ನಾವೂ ಕೇಳಲಾರೆವು.

ದಾನಿಗಳಿಗೆ ಒಂದು ವಿನಂತಿ. ಜಕಾತ್ ಹಣ ಯಾವುದಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲುವುದಿಲ್ಲ ಎಂಬುದನ್ನು ಆಲಿಮರನ್ನು ಕೇಳಿ ತಿಳಿಯಬೇಕು, ಅದು ಶಿಕ್ಷಕರ ಕೆಲಸವಲ್ಲ. ನಾನು ಹೇಳಬಲ್ಲದ್ದು ಖರ್ಚಿನ ಲೆಕ್ಕ. ಅನುದಾನರಹಿತ ಕಾಲೇಜಿನ ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಶುಲ್ಕದಲ್ಲಿ ಅನುದಾನಿತ ಪ್ರೌಢಶಾಲೆಯ ಎಷ್ಟೋ ಮಕ್ಕಳಿಗೆ ಸಮವಸ್ತ್ರವಾಗುತ್ತದೆ. ಎರಡೂ ಬೇಕು. ಯಾವುದಕ್ಕೆ ಕೊಡುತ್ತಿದ್ದೇವೆ ಎಂದು ತಿಳಿದು ಕೊಡುವುದು ಮೇಲು. ನಿಮ್ಮ ಕೊಡುಗೆ ಸಾಮಾನ್ಯ ದಾನವಾಗಿದ್ದರೆ, ಖಾಲಿ ಬಿದ್ದ ಗಣಿತ ಅಥವಾ ವಿಜ್ಞಾನ ಹುದ್ದೆಯಲ್ಲಿ ತಾತ್ಕಾಲಿಕವಾಗಿ ಪಾಠ ಮಾಡುವವರ ಗೌರವಧನಕ್ಕೆ ಒಂದು ಪಾಲು ಮೀಸಲಿಡಿ ಎಂದು ಕೇಳುತ್ತೇನೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಮಕ್ಕಳು ಉಳಿದರೆ ಫಲಿತಾಂಶ ಇಳಿಯುತ್ತದೆ, ಫಲಿತಾಂಶ ಇಳಿದರೆ ಪಾಲಕರು ಮಕ್ಕಳನ್ನು ವ್ಯಾನ್ ಬರುವ ಶಾಲೆಗೆ ಹಾಕುತ್ತಾರೆ, ಮಕ್ಕಳು ಕಡಿಮೆಯಾದರೆ ಇದ್ದ ಹುದ್ದೆಯೂ ಹೋಗುತ್ತದೆ. ಇದನ್ನು ಮೊದಲ ಮೆಟ್ಟಿಲಲ್ಲೇ ತಡೆಯುವುದಕ್ಕೆ ಬೇಕಾಗುವುದು ಒಬ್ಬ ಶಿಕ್ಷಕಿಯ ಹತ್ತು ತಿಂಗಳ ಗೌರವಧನ.

ಈ ವರ್ಷದ ಅರ್ಜಿಯಲ್ಲಿ ಶಾಲೆಯ ವಿಧದ ಕಾಲಮ್ಮಿನ ಕೆಳಗೆ ಮುಖ್ಯೋಪಾಧ್ಯಾಯರ ಅಥವಾ ಪ್ರಾಚಾರ್ಯರ ಸಹಿ ಮತ್ತು ಮೊಹರಿಗೆ ಜಾಗ ಬಿಟ್ಟಿದೆ. ವಿಭಾಗದ ಹೆಸರು, ಮಾಧ್ಯಮ, ಅನುದಾನ ಇದೆಯೋ ಇಲ್ಲವೋ ಈ ಮೂರನ್ನೂ ಅವರಿಂದಲೇ ಬರೆಸಿ ತನ್ನಿ. ಶುಲ್ಕದ ರಸೀದಿಯ ಝೆರಾಕ್ಸ್, ಮಗುವಿನ ಸ್ಯಾಟ್ಸ್ ಸಂಖ್ಯೆ, ಆದಾಯ ಪ್ರಮಾಣಪತ್ರ ಜೊತೆಗಿರಲಿ. ಅನುದಾನರಹಿತ ಎಂದು ಬರೆದರೆ ವಿದ್ಯಾರ್ಥಿವೇತನ ಸಿಗುವುದಿಲ್ಲವೇನೋ ಎಂದು ಹೆದರಿ ಕೆಲವರು ಬೇರೆ ಚೌಕಕ್ಕೆ ಗುರುತು ಹಾಕುತ್ತಾರೆ. ಹಾಗೆ ಮಾಡಬೇಡಿ. ಆ ಕಾಲಂ ಇರುವುದು ಯಾರನ್ನೂ ಹೊರಗಿಡುವುದಕ್ಕಲ್ಲ, ಯಾರಿಗೆ ಎಷ್ಟು ಬೇಕು ಎಂದು ತಿಳಿಯುವುದಕ್ಕೆ. ತುಂಬುವುದು ತಿಳಿಯದಿದ್ದರೆ ಕಚೇರಿಗೆ ಅರ್ಜಿ ಹಿಡಿದು ಬನ್ನಿ, ಕೂತು ತುಂಬೋಣ.